ಮುಂಬಯಿಯಲ್ಲಿ ಅಂಗಡಿಗೆ ಬೋರ್ಡ್ ಹಾಕಿಸುವ ಮುನ್ನ

ಬೋರ್ಡ್ ಮಾಡುವವನ ಅಂಗಡಿಗೆ ಹೋಗುವುದು ಕೊನೆಯ ಕೆಲಸ. ಮೊದಲು ನಿಮ್ಮ ಗಾಳಾದಿಂದ (ಅಂಗಡಿಯ ಕೋಣೆಯಿಂದ) ಹೊರಗೆ ಬಂದು, ರಸ್ತೆ ದಾಟಿ, ಎದುರಿನ ಫುಟ್‌ಪಾತಿನಲ್ಲಿ ನಿಂತು ನಿಮ್ಮದೇ ಅಂಗಡಿಯನ್ನು ನೋಡಿ. ಇಲ್ಲಿ ಅಂಗಡಿ ಇಟ್ಟ ನಮ್ಮ ಕನ್ನಡಿಗರಲ್ಲಿ ಹೆಚ್ಚಿನವರು ಇದನ್ನು ಮಾಡುವುದಿಲ್ಲ. ಗಲ್ಲಾದಲ್ಲಿ ಕುಳಿತು, ಮೊಬೈಲಿಗೆ ಬಂದ ಡಿಸೈನ್ ನೋಡಿ, ಹೆಂಡತಿ ಮಕ್ಕಳಿಗೂ ತೋರಿಸಿ ಒಪ್ಪಿಗೆ ಕೊಟ್ಟುಬಿಡುತ್ತಾರೆ. ಕೈಯಳತೆಯಲ್ಲಿ ಚೆಂದ ಕಂಡ ಅಕ್ಷರವನ್ನು ಓಡುವ ರಿಕ್ಷಾದಲ್ಲಿ ಕುಳಿತವನು 80 ಅಡಿ ದೂರದಿಂದ ಓದಬೇಕು ಎಂಬುದು ಆಗ ಯಾರಿಗೂ ಹೊಳೆಯುವುದಿಲ್ಲ. ಹಳೆಯ ಗಿರಾಕಿಗೆ ಬೋರ್ಡ್ ಬೇಕಾಗಿಲ್ಲ, ಅವನು ಕಣ್ಣು ಮುಚ್ಚಿಕೊಂಡೂ ಬರುತ್ತಾನೆ. ಬೋರ್ಡ್ ಇರುವುದು ನಿಮ್ಮನ್ನು ಅರಿಯದವನಿಗೆ. ಆದ್ದರಿಂದ ಅವನು ನಿಂತಲ್ಲಿಂದಲೇ ಎಲ್ಲವನ್ನೂ ತೀರ್ಮಾನಿಸಬೇಕು.

ಎದುರಿನ ಫುಟ್‌ಪಾತಿನಿಂದ

ಎರಡು ಹೊತ್ತಿನಲ್ಲಿ ನೋಡಿ. ಮುಂಬಯಿಯ ಉಪನಗರಗಳಲ್ಲಿ ಜನ ಬೆಳಿಗ್ಗೆ ಸ್ಟೇಷನ್ ಕಡೆಗೆ ಹರಿಯುತ್ತಾರೆ, ಸಂಜೆ ಸ್ಟೇಷನ್‌ನಿಂದ ಹೊರಗೆ. ಇಡ್ಲಿ, ಚಹಾ ಮಾರುವವರಿಗೆ ಬೆಳಗಿನ ಹರಿವು ಮುಖ್ಯ. ಕಿರಾಣಿ, ಔಷಧಿ, ಬಟ್ಟೆ ಅಂಗಡಿಗೆ ಸಂಜೆಯದು. ನಿಮ್ಮ ಗಿರಾಕಿ ಯಾವ ದಿಕ್ಕಿನಿಂದ ಬರುತ್ತಾನೋ ಆ ದಿಕ್ಕಿನಲ್ಲಿ ನೂರು ಹೆಜ್ಜೆ ಹಿಂದಕ್ಕೆ ಹೋಗಿ, ಅವನಂತೆಯೇ ನಡೆದು ಬನ್ನಿ. ನಡುವೆ ಏನು ಅಡ್ಡ ಬರುತ್ತದೆ ಎಂದು ಗುರುತು ಹಾಕಿಕೊಳ್ಳಿ: ಬೆಸ್ಟ್ ಬಸ್‌ನಿಲ್ದಾಣದ ಮಾಡು, ಮರದ ಕೊಂಬೆ, ಕೇಬಲ್‌ಗಳ ಗೊಂಚಲು, ಪಕ್ಕದವರು ಮುಂದಕ್ಕೆ ಚಾಚಿದ ಶೆಡ್. ಜೂನ್ ಬಂದರೆ ಇಡೀ ಸಾಲಿನ ಅಂಗಡಿಗಳ ಮುಂದೆ ನೀಲಿ ತಾಡಪತ್ರಿ ಇಳಿಯುತ್ತದೆ. ಬೇಸಿಗೆಯಲ್ಲಿ ಹಾಕಿಸಿದ ಬೋರ್ಡ್ ಅದರ ಹಿಂದೆ ನಾಲ್ಕು ತಿಂಗಳು ಅಜ್ಞಾತವಾಸ ಮಾಡುತ್ತದೆ. ತಾಡಪತ್ರಿಯ ಕಂಬ ಎಲ್ಲಿ ಬರುತ್ತದೆ, ಅದರ ಮೇಲೆ ಎಷ್ಟು ಜಾಗ ಉಳಿಯುತ್ತದೆ ಎಂದು ಈಗಲೇ ಅಳೆದಿಡಿ.

ಇನ್ನೊಂದು ವಿಷಯವೂ ಆಗ ಕಾಣುತ್ತದೆ. ಶಟರಿನ ಮೇಲೆ ಅಡ್ಡಲಾಗಿ ಹಾಕಿದ ಬೋರ್ಡ್ ಎದುರು ಬದಿಯವರಿಗೆ ಕಾಣುತ್ತದೆ, ನಿಮ್ಮದೇ ಫುಟ್‌ಪಾತಿನಲ್ಲಿ ನಡೆದು ಬರುವವನಿಗೆ ಕಾಣುವುದಿಲ್ಲ. ಅದು ಅವನ ತಲೆಯ ಮೇಲೆ ಕಣ್ಣಿಗೆ ಬೀಳದೆ ಹಾದುಹೋಗುತ್ತದೆ. ನಡೆಯುವವರೇ ಹೆಚ್ಚಿರುವ ಕಿರಿದಾದ ಸ್ಟೇಷನ್ ರಸ್ತೆಗಳಲ್ಲಿ, ಗೋಡೆಗೆ ಲಂಬವಾಗಿ ಹೊರಕ್ಕೆ ನಿಲ್ಲುವ ಎರಡು ಮುಖದ ಸಣ್ಣ ಬೋರ್ಡ್ ದೊಡ್ಡ ಬೋರ್ಡಿಗಿಂತ ಹೆಚ್ಚು ದುಡಿಯುತ್ತದೆ. ಅದು ಯಾರ ತಲೆಗೂ ತಾಗದಷ್ಟು ಎತ್ತರದಲ್ಲಿರಬೇಕು. ಫುಟ್‌ಪಾತಿನ ಮೇಲೆ ಚಾಚುವುದಾದರೆ ಅದು ಪಾಲಿಕೆಯ ಜಾಗ, ಅನುಮತಿ ಇಲ್ಲದೆ ಹಾಕಬೇಡಿ.

ಅಕ್ಷರದ ಲೆಕ್ಕ

ಬೋರ್ಡಿನವರೆಲ್ಲ ಅನುಸರಿಸುವ ಒಂದು ಸ್ಥೂಲ ಲೆಕ್ಕವಿದೆ: ಪ್ರತಿ 10 ಅಡಿ ದೂರಕ್ಕೆ ಅಕ್ಷರ ಒಂದು ಇಂಚು ಎತ್ತರ. 80 ಅಡಿಯಿಂದ ಸಲೀಸಾಗಿ ಓದಬೇಕಾದರೆ 8 ಇಂಚು. ಕಷ್ಟಪಟ್ಟು ಓದಿದರೆ ಇನ್ನೂ ದೂರದಿಂದ ಕಾಣುತ್ತದೆ, ಆದರೆ ನಿಮಗಾಗಿ ಕಷ್ಟಪಡುವ ಪುರುಸೊತ್ತು ಸ್ಟೇಷನ್ನಿಗೆ ಓಡುವವನಿಗೆ ಇರುವುದಿಲ್ಲ.

ಭಾಂಡುಪ್‌ನಲ್ಲಿ 10 ಅಡಿ ಅಗಲದ ಒಂದು ಗಾಳಾ, ಶಟರಿನ ಮೇಲೆ 3 ಅಡಿ ಎತ್ತರದ ಜಾಗ ಎಂದುಕೊಳ್ಳಿ. ಅಂಗಡಿಯ ಹೆಸರು ‘ಅನ್ನಪೂರ್ಣ’ ಎಂದಿರಲಿ. ಇಂಗ್ಲಿಷಿನ ದೊಡ್ಡಕ್ಷರಗಳಿಗೆ ಮೇಲೆ ಕೆಳಗೆ ಬಾಲವಿಲ್ಲ. 8 ಇಂಚು ಎಂದರೆ 8 ಇಂಚು. ದೇವನಾಗರಿಗೆ ಹಾಗಲ್ಲ. ಅಕ್ಷರದ ಮೈ 8 ಇಂಚು ಬೇಕಾದರೆ ‘ಪೂ’ದ ದೀರ್ಘ ಕೆಳಗೆ ಇಳಿಯುತ್ತದೆ, ‘ರ್ಣ’ದ ರಫಾರ ತಲೆಗೆರೆಯ ಮೇಲೆ ಏರುತ್ತದೆ, ಸಾಲಿಗೆ 12ರಿಂದ 13 ಇಂಚು ಜಾಗ ಹೋಗುತ್ತದೆ. ಕನ್ನಡದಲ್ಲಿ ‘ನ್ನ’ದ ಒತ್ತು ಕೆಳಗೆ ಇಳಿಯುವುದರಿಂದ ಅಲ್ಲಿಯೂ ಅದೇ ಕಥೆ. 36 ಇಂಚಿನಲ್ಲಿ ಮೇಲೆ ಕೆಳಗೆ ನಾಲ್ಕು ನಾಲ್ಕು ಇಂಚು ಖಾಲಿ ಬಿಟ್ಟರೆ ಉಳಿಯುವುದು 28. ಮರಾಠಿಯ ಒಂದು ದೊಡ್ಡ ಸಾಲು, ಅದರ ಕೆಳಗೆ ಇಂಗ್ಲಿಷಿನ ಒಂದು ಸಾಲು, ನಡುವೆ ಉಸಿರಾಡಲು ಸ್ವಲ್ಪ ಜಾಗ; ಅಲ್ಲಿಗೆ ಮುಗಿಯಿತು. ಮೂರನೆಯ ದೊಡ್ಡ ಸಾಲು ಹಿಡಿಯುವುದಿಲ್ಲ. ತುರುಕಿದರೆ ಮೂರೂ ಓದಲಾಗದಂತಾಗುತ್ತವೆ.

ಖಾಲಿ ಜಾಗ ಎಂದರೆ ನಮ್ಮವರಿಗೆ ಹೊಟ್ಟೆ ಉರಿಯುತ್ತದೆ. ಚದರ ಅಡಿಗೆ ಹಣ ಕೊಟ್ಟಿದ್ದೇವೆ, ತುಂಬಿಸದೆ ಬಿಡುವುದೇಕೆ ಎಂಬ ವಾದ. ತುಂಬಿದ ಬೋರ್ಡನ್ನು ಯಾರೂ ಓದುವುದಿಲ್ಲ ಎಂಬುದನ್ನು ಆ ವಾದಕ್ಕೆ ತಿಳಿಸಿ ಸುಮ್ಮನಿರಿಸಬೇಕು.

ಲೆಕ್ಕದ ಮೇಲೆ ನಂಬಿಕೆ ಬಾರದಿದ್ದರೆ ಒಂದು ಅಕ್ಷರವನ್ನು ನಿಜವಾದ ಅಳತೆಯಲ್ಲಿ ಕಾಗದದ ಮೇಲೆ ಮುದ್ರಿಸಿ ಶಟರಿಗೆ ಅಂಟಿಸಿ, ರಸ್ತೆ ದಾಟಿ ನೋಡಿ. ಝೆರಾಕ್ಸ್ ಅಂಗಡಿಯ ಖರ್ಚಿನಲ್ಲೇ ಮುಗಿಯುವ ಪರೀಕ್ಷೆ ಇದು.

ಏನು ಬರೆಸಬೇಕು, ಏನನ್ನು ಬಿಡಬೇಕು

ಹೆಸರು, ಮಾರುವ ವಸ್ತು, ಇಷ್ಟೇ. ಹೋಟೆಲಿನವರಿಗೆ ‘ಶುದ್ಧ ಶಾಕಾಹಾರಿ’ ಎಂಬ ಎರಡು ಪದ ಮುಂಬಯಿಯಲ್ಲಿ ನಿಜಕ್ಕೂ ಗಿರಾಕಿಯನ್ನು ಒಳಗೆ ಕರೆತರುತ್ತದೆ, ಅದಕ್ಕೆ ಜಾಗ ಕೊಡಿ. ‘ಉಡುಪಿ’ ಎಂಬ ಹೆಸರೂ ಹಾಗೆಯೇ. ಇಲ್ಲಿನ ಗುಜರಾತಿಗೂ ಮರಾಠಿಗನಿಗೂ ಅದೊಂದೇ ಪದ ಅರ್ಧ ಮೆನುವನ್ನು ಹೇಳಿ ಮುಗಿಸುತ್ತದೆ. ಮಾಟುಂಗಾದಲ್ಲಿ 1942ರಲ್ಲಿ ಎ. ರಾಮ ನಾಯಕರು ಆರಂಭಿಸಿದ ಬೋರ್ಡಿಂಗಿನಿಂದ ಹಿಡಿದು ಇಂದಿನ ಗಲ್ಲಿ ಗಲ್ಲಿಯ ದೋಸೆ ಅಂಗಡಿಯವರೆಗೆ ಆ ಹೆಸರು ಗಳಿಸಿಕೊಟ್ಟ ಬಂಡವಾಳ ಅದು. ನೀವು ಉಡುಪಿಯ ತಿಂಡಿಯನ್ನೇ ಕೊಡುವವರಾದರೆ ಬಳಸಿಕೊಳ್ಳಿ. ಚೈನೀಸ್, ಪಂಜಾಬಿ, ಪಾವ್‌ಭಾಜಿ, ಜ್ಯೂಸ್, ಪಿಜ್ಜಾ ಎಲ್ಲವನ್ನೂ ಒಂದೇ ಸಾಲಿನಲ್ಲಿ ಪೋಣಿಸಬೇಡಿ. ಅವುಗಳಿಗೆ ಬಾಗಿಲ ಪಕ್ಕದ ಮೆನು ಫಲಕ ಇದೆ.

ಮಾಲೀಕರ ಹೆಸರು, ಸ್ಥಾಪನೆಯ ವರ್ಷ (ಐವತ್ತು ವರ್ಷ ದಾಟಿದ್ದರೆ ಮಾತ್ರ ಇರಲಿ), ಮೂರು ಫೋನ್ ನಂಬರು, ಮನೆಗೆ ತಲುಪಿಸುವ ಆ್ಯಪ್‌ಗಳ ಗುರುತು, ಇವೆಲ್ಲ ಗಾಜಿನ ಬಾಗಿಲಿಗೆ ಅಂಟಿಸುವ ಸ್ಟಿಕರಿನ ವಿಷಯ. ‘ಶ್ರೀ ... ಪ್ರಸನ್ನ’ ಎಂಬ ಸಾಲು ಬೇಡ ಎನ್ನುವ ಧೈರ್ಯ ನನಗಿಲ್ಲ, ಯಾರೂ ಕೇಳುವುದೂ ಇಲ್ಲ. ಮೇಲಿನ ಅಂಚಿನಲ್ಲಿ ಒಂದೂವರೆ ಇಂಚಿನಲ್ಲಿ ಬರೆಸಿ. ದೇವರಿಗೆ ಕನ್ನಡಕ ಬೇಕಾಗುವುದಿಲ್ಲ.

ದೋಸೆಯ ಫೋಟೊ? ಫ್ಲೆಕ್ಸಿನ ಮೇಲೆ ಹಾಕಿಸುವ ಮುನ್ನ ಹಳೆಯ ಬೋರ್ಡುಗಳನ್ನು ಒಮ್ಮೆ ಗಮನಿಸಿ. ಬಿಸಿಲಿಗೆ ಹಳದಿ ಮತ್ತು ಕೆಂಪು ಶಾಯಿ ಮೊದಲು ಹಾರಿಹೋಗುತ್ತದೆ, ನೀಲಿ ಕೊನೆಯವರೆಗೆ ಉಳಿಯುತ್ತದೆ. ಎರಡು ಬೇಸಿಗೆ ಕಳೆದರೆ ನೀಲಿ ದೋಸೆ, ನೀಲಿ ಸಾಂಬಾರು, ನೀಲಿ ಚಟ್ನಿ. ಪಶ್ಚಿಮಕ್ಕೆ ಮುಖ ಮಾಡಿದ ಅಂಗಡಿಯಾದರೆ ಇದು ಇನ್ನೂ ಬೇಗ.

ಮರಾಠಿ ಮೊದಲು

ಇದರಲ್ಲಿ ಚೌಕಾಸಿ ಇಲ್ಲ. ಮಹಾರಾಷ್ಟ್ರದ ಅಂಗಡಿ ಮತ್ತು ಸಂಸ್ಥೆಗಳ 2017ರ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾಗಿ, ಹತ್ತಕ್ಕಿಂತ ಕಡಿಮೆ ಕೆಲಸದವರಿರುವ ಅಂಗಡಿಗಳಿಗೂ ದೇವನಾಗರಿಯಲ್ಲಿ ಮರಾಠಿ ನಾಮಫಲಕ ಕಡ್ಡಾಯವಾಯಿತು. ಬೇರೆ ಭಾಷೆಗಳೂ ಇರಬಹುದು. ಆದರೆ ಮರಾಠಿ ಮೊದಲು ಬರಬೇಕು, ಅದರ ಅಕ್ಷರ ಬೇರೆ ಯಾವ ಭಾಷೆಯ ಅಕ್ಷರಕ್ಕಿಂತಲೂ ಸಣ್ಣದಾಗಿರಬಾರದು. ಮದ್ಯ ಮಾರುವ ಅಥವಾ ಬಡಿಸುವ ಕಡೆಗಳಿಗೆ ಮಹಾಪುರುಷರ ಹೆಸರನ್ನಾಗಲಿ ಕೋಟೆಗಳ ಹೆಸರನ್ನಾಗಲಿ ಇಡುವಂತಿಲ್ಲ. ವ್ಯಾಪಾರಿಗಳ ಸಂಘ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2023ರ ಸೆಪ್ಟೆಂಬರ್‌ನಲ್ಲಿ ನ್ಯಾಯಾಲಯ ಎರಡು ತಿಂಗಳ ಗಡುವು ಕೊಟ್ಟು, ಬೋರ್ಡ್ ಬದಲಿಸಿ ಎಂದಿತು. ಗಡುವು ಮುಗಿದ ಮೇಲೆ ಪಾಲಿಕೆಯವರು ಬೀದಿಗಿಳಿದು ಪರಿಶೀಲಿಸಿದರು. ಒಬ್ಬೊಬ್ಬ ನೌಕರನ ಲೆಕ್ಕದಲ್ಲಿ 2,000 ರೂಪಾಯಿಯಂತೆ, ಒಟ್ಟು ಒಂದು ಲಕ್ಷದವರೆಗೆ ದಂಡ ಎಂದು ಪ್ರಕಟಿಸಿದರು.

ಬೆಂಗಳೂರಿನ ನಾಮಫಲಕದಲ್ಲಿ ಶೇಕಡಾ 60 ಕನ್ನಡ ಇರಲೇಬೇಕೆಂದು ವಾಟ್ಸ್‌ಆ್ಯಪ್‌ನಲ್ಲಿ ಹೋರಾಡುವ ನಾವು ಇಲ್ಲಿ ಮರಾಠಿ ಬರೆಸಲು ಗೊಣಗುವುದು ಚೆನ್ನಾಗಿ ಕಾಣುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಹೇಗೂ ವ್ಯಾಪಾರದ ದೃಷ್ಟಿಯಿಂದಲೂ ಅದು ಸರಿಯೇ.

ಸಿಕ್ಕಿಬೀಳುವುದು ಎಲ್ಲಿ ಎಂದರೆ ಲೋಗೊದಲ್ಲಿ. ಮರಾಠಿ ಸಾಲನ್ನು ಸರಿಯಾಗಿಯೇ ಮೇಲೆ ಬರೆಸಿ, ಪಕ್ಕದಲ್ಲಿ ಇಂಗ್ಲಿಷ್ ಹೆಸರಿನ ಲೋಗೊವನ್ನು ಅದರ ಎರಡರಷ್ಟು ದೊಡ್ಡದಾಗಿ ಕೂರಿಸುತ್ತಾರೆ. ಪರಿಶೀಲನೆಗೆ ಬಂದವರ ಕಣ್ಣಿಗೆ ಅದೂ ಅಕ್ಷರವೇ. ಡಿಸೈನಿನಲ್ಲಿ ಎರಡೂ ‘ಒಂದೇ ಪಾಯಿಂಟ್’ ಎಂದು ಹುಡುಗ ಹೇಳಿದರೆ ನಂಬಬೇಡಿ. ಒಂದೇ ಪಾಯಿಂಟಿನಲ್ಲಿ ದೇವನಾಗರಿಯ ಮೈ ಇಂಗ್ಲಿಷಿನ ದೊಡ್ಡಕ್ಷರಕ್ಕಿಂತ ಗಿಡ್ಡವಾಗಿ ಬರುವುದುಂಟು. ಸ್ಕೇಲು ಹಿಡಿದು ಅಳೆಯಿರಿ.

ಜಿಎಸ್‌ಟಿ ನೋಂದಣಿ ಇದ್ದರೆ ಆ ಸಂಖ್ಯೆಯನ್ನು ಪ್ರವೇಶದ್ವಾರದ ನಾಮಫಲಕದಲ್ಲಿ ತೋರಿಸಬೇಕೆಂದು ನಿಯಮ 18 ಹೇಳುತ್ತದೆ. ಕಾಂಪೊಸಿಷನ್ ಯೋಜನೆಯಲ್ಲಿರುವ (ವಹಿವಾಟಿನ ಮೇಲೆ ನಿಗದಿತ ದರದಲ್ಲಿ ಜಿಎಸ್‌ಟಿ ಕಟ್ಟುವ) ಸಣ್ಣ ಹೋಟೆಲಿನವರು ಎದ್ದುಕಾಣುವ ಫಲಕದಲ್ಲಿ ‘ಕಾಂಪೊಸಿಷನ್ ಟ್ಯಾಕ್ಸಬಲ್ ಪರ್ಸನ್’ ಎಂದೂ ಬರೆಸಬೇಕು. ಕೆಳಗಿನ ಮೂಲೆಯಲ್ಲಿ ಸಣ್ಣದಾಗಿ ಸಾಕು, ಆದರೆ ಮೊದಲ ಡಿಸೈನಿನಲ್ಲೇ ಸೇರಿಸಿ. ಆಮೇಲೆ ಅಂಟಿಸಿದ ಸ್ಟಿಕರ್ ತೇಪೆಯಂತೆ ಕಾಣುತ್ತದೆ. ಫುಡ್ ಲೈಸೆನ್ಸ್ ಪ್ರತಿ ಒಳಗೆ, ಗಿರಾಕಿಗೆ ಕಾಣುವಲ್ಲಿ ಇರಲಿ. ದೀಪದ ಬೋರ್ಡಿಗೆ ಪಾಲಿಕೆಯ ಲೈಸೆನ್ಸ್ ವಿಭಾಗದ ಅನುಮತಿ ಬೇಕು, ವಾರ್ಡ್ ಕಚೇರಿಯಲ್ಲಿ ವಿಚಾರಿಸಿ. ಹೌಸಿಂಗ್ ಸೊಸೈಟಿಯ ಕಟ್ಟಡದಲ್ಲಿ ಗಾಳಾ ಇದ್ದರೆ ಗೋಡೆಗೆ ಡ್ರಿಲ್ ಇಡುವ ಮೊದಲು ಕಾರ್ಯದರ್ಶಿಯಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಬಾಯಿಮಾತಿನ ಒಪ್ಪಿಗೆ ಮುಂದಿನ ಕಮಿಟಿ ಬಂದಾಗ ಆವಿಯಾಗುತ್ತದೆ.

ಕನ್ನಡದ ಸಾಲು ಕೆಡುವುದು ಎಲ್ಲಿ

ಕನ್ನಡವೂ ಇರಲಿ ಎಂದು ಆಸೆಪಡುವವರು ಇದನ್ನು ಗಮನವಿಟ್ಟು ಓದಿ. ನನ್ನ ಮಟ್ಟಿಗೆ ಮುಖ್ಯ ಬೋರ್ಡಿನಲ್ಲಿ ಎರಡೇ ಲಿಪಿ ಸಾಕು. ಕನ್ನಡವನ್ನು ಬಾಗಿಲ ಪಕ್ಕ, ಕಣ್ಣಿನ ಎತ್ತರದಲ್ಲಿ, ಹತ್ತಿರ ಬಂದವನಿಗೆ ಕಾಣುವಂತೆ ಹಾಕಿಸುವುದು ಲೇಸು. ಊರಿನವರಿಗೆ ಅಷ್ಟರಲ್ಲೇ ಗೊತ್ತಾಗುತ್ತದೆ.

ಎಲ್ಲಿ ಹಾಕಿಸಿದರೂ ತೊಂದರೆ ಒಂದೇ. ಮುಂಬಯಿಯ ಬೋರ್ಡ್ ಅಂಗಡಿಯ ಕಂಪ್ಯೂಟರಿನ ಮುಂದೆ ಕುಳಿತ ಹುಡುಗನಿಗೆ ಕನ್ನಡ ಬರುವುದಿಲ್ಲ. ಅವನು ಡಿಸೈನ್ ಮಾಡುವ ಹಳೆಯ ಕೋರೆಲ್‌ಡ್ರಾ ತಂತ್ರಾಂಶಕ್ಕೂ ಬರುವುದಿಲ್ಲ. ನೀವು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ ‘ಅನ್ನಪೂರ್ಣ’ವನ್ನು ಅವನು ಅಲ್ಲಿಗೆ ಅಂಟಿಸಿದಾಗ ‘ನ’ದ ಕೆಳಗಿರಬೇಕಾದ ಒತ್ತು ಪಕ್ಕಕ್ಕೆ ಬಂದು ಕುಳಿತು ‘ನ್‌ನ’ ಆಗುತ್ತದೆ. ಅರ್ಕಾವೊತ್ತು ಬಿಚ್ಚಿಕೊಂಡು ‘ಪೂರ್‌ಣ’ ಆಗುತ್ತದೆ. ಅವನ ಕಣ್ಣಿಗೆ ಎಲ್ಲವೂ ಸುರುಳಿಗಳೇ. ನುಡಿ, ಬರಹದ ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿದ್ದರೆ ಇನ್ನೂ ಮಜಾ, ಇಂಗ್ಲಿಷಿನ ಚಿಹ್ನೆಗಳ ಕಸ ತೆರೆದುಕೊಳ್ಳುತ್ತದೆ.

ಪರಿಹಾರ ಸುಲಭ. ಕನ್ನಡ ಬಲ್ಲ ಯಾರಾದರೂ ಯುನಿಕೋಡ್ ಫಾಂಟಿನಲ್ಲಿ ಹೆಸರನ್ನು ಸಿದ್ಧಪಡಿಸಿ, ಅಕ್ಷರಗಳನ್ನು ಕರ್ವ್‌ಗೆ (ಬರಿಯ ಗೆರೆಗಳ ಆಕಾರಕ್ಕೆ) ಬದಲಿಸಿ, ಪಿಡಿಎಫ್ ಮಾಡಿ ಕೊಡಲಿ. ಆಗ ಅದು ಬರಹವಲ್ಲ, ಚಿತ್ರ. ಯಾವ ಕಂಪ್ಯೂಟರಿನಲ್ಲೂ ಮುರಿಯುವುದಿಲ್ಲ. ಅದನ್ನು ಮತ್ತೆ ಟೈಪ್ ಮಾಡಬೇಡ ಎಂದು ಹುಡುಗನಿಗೆ ಖಡಕ್ಕಾಗಿ ಹೇಳಿ. ಒಳ್ಳೆಯ ಫಾಂಟ್ ಹುಡುಕಿ ಅಲೆಯಬೇಕಾಗಿಯೂ ಇಲ್ಲ. ಮುಂಬಯಿಯದೇ ಏಕ್ ಟೈಪ್ ತಂಡ ‘ಬಾಲೂ’ ಎಂಬ ದಪ್ಪ ಅಕ್ಷರಗಳ ಕುಟುಂಬವನ್ನು ಹಲವು ಭಾರತೀಯ ಲಿಪಿಗಳಲ್ಲಿ ಮಾಡಿದೆ. ಅದರ ಕನ್ನಡದ ತಮ್ಮನ ಹೆಸರು ‘ಬಾಲೂ ತಮ್ಮ’. ‘ಅನೇಕ್’ ಕುಟುಂಬವೂ ಅವರದೇ. ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಒಂದೇ ಕುಟುಂಬದಿಂದ ದೇವನಾಗರಿ, ಇಂಗ್ಲಿಷ್, ಕನ್ನಡ ಮೂರನ್ನೂ ಆರಿಸಿಕೊಂಡರೆ ಬೋರ್ಡ್ ಒಂದೇ ಕೈಯಿಂದ ಬಂದಂತೆ ಕಾಣುತ್ತದೆ.

ಮರಾಠಿಯನ್ನೂ ಮರಾಠಿ ಓದುವವರಿಂದಲೇ ತಿದ್ದಿಸಿ, ಹಿಂದಿ ಬಲ್ಲವರಿಂದಲ್ಲ. ‘ಲ’ ಮತ್ತು ‘ಶ’ ಅಕ್ಷರಗಳ ಆಕಾರ ಮರಾಠಿಯಲ್ಲಿ ಬೇರೆ, ಹಿಂದಿಯ ಫಾಂಟಿನಲ್ಲಿ ಬೇರೆ. ‘ಳ’ಕಾರವನ್ನು ಹಿಂದಿಯವರು ‘ಲ’ ಮಾಡಿಬಿಡುತ್ತಾರೆ. ‘ಉಪಾಹಾರಗೃಹ’ವನ್ನು ‘ಉಪಹಾರಗೃಹ’ ಎಂದು ಬರೆಯುವ ತಪ್ಪಂತೂ ಕನ್ನಡಕ್ಕೂ ಮರಾಠಿಗೂ ಸಮಾನವಾಗಿ ಅಂಟಿದೆ. ನಿಮ್ಮ ಬೋರ್ಡನ್ನು ಪ್ರತಿದಿನ ಓದುವ ಶಾಲಾ ಮಾಸ್ತರರೊಬ್ಬರು ಆ ಬೀದಿಯಲ್ಲಿ ಇದ್ದೇ ಇರುತ್ತಾರೆ. ಅವರನ್ನೇ ಮೊದಲು ಕೇಳಿ.

ಮಳೆ, ಉಪ್ಪು, ತುಕ್ಕು

ಸಾಂತಾಕ್ರೂಜ್‌ನಲ್ಲಿ ಜುಲೈ ಒಂದೇ ತಿಂಗಳಲ್ಲಿ ಸರಾಸರಿ 800 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಗಾಳಿ ನೈಋತ್ಯದಿಂದ ಬೀಸಿ ನೀರನ್ನು ಅಡ್ಡಡ್ಡವಾಗಿ ಹೊಡೆಯುತ್ತದೆ. ಉತ್ತರದ ಒಣ ಊರುಗಳಲ್ಲಿ ಬಾಳುವ ಬೋರ್ಡ್ ಇಲ್ಲಿ ಬಾಳುತ್ತದೆ ಎಂಬ ಭರವಸೆ ಇಲ್ಲ.

ಫ್ಲೆಕ್ಸ್ ಅಗ್ಗ. ಅಂಗಡಿಯ ಜಾಗ ಕುದುರುತ್ತದೋ ಇಲ್ಲವೋ ಎಂದು ಒಂದು ವರ್ಷ ನೋಡುವವರಿಗೆ ಸರಿ, ಅದಕ್ಕಿಂತ ಹೆಚ್ಚು ನಿರೀಕ್ಷಿಸಬೇಡಿ. ಬಟ್ಟೆ ಗಾಳಿಗೆ ಜೋತುಬಿದ್ದು ನೀರು ಹಿಡಿಯುತ್ತದೆ. 100 ಮೈಕ್ರಾನ್‌ಗಿಂತ ತೆಳುವಾದ ಪಿವಿಸಿ ಬ್ಯಾನರ್ 2022ರ ಜುಲೈನಿಂದ ದೇಶದಲ್ಲೇ ನಿಷಿದ್ಧ ಎಂಬುದೂ ನೆನಪಿರಲಿ.

ನೆಲೆಯೂರುವವರಿಗೆ ಎಸಿಪಿ (ಎರಡು ತೆಳು ಅಲ್ಯೂಮಿನಿಯಂ ಹಾಳೆಗಳ ನಡುವೆ ಪ್ಲಾಸ್ಟಿಕ್ ಇರುವ) ಶೀಟಿನ ಮೇಲೆ ಉಬ್ಬಿದ ಅಕ್ರಿಲಿಕ್ ಅಕ್ಷರ ಉತ್ತಮ. ಶೀಟನ್ನು ಕೇಳುವಾಗ ಬಣ್ಣದ ಜೊತೆಗೆ ದಪ್ಪವನ್ನೂ ಕೇಳಿ, 3 ಮಿ.ಮೀ. ಮತ್ತು 4 ಮಿ.ಮೀ. ಎರಡೂ ಸಾಮಾನ್ಯ. ಹೊಳೆಯುವ ಮೇಲ್ಮೈಗಿಂತ ಮಂದವಾದದ್ದು ಒಳ್ಳೆಯದು, ಎದುರಿನ ಬಿಸಿಲು ಅದರಲ್ಲಿ ಪ್ರತಿಫಲಿಸಿ ಅಕ್ಷರವನ್ನು ನುಂಗುವುದಿಲ್ಲ. ಗಾಢ ನೆಲದ ಮೇಲೆ ತಿಳಿ ಅಕ್ಷರ ಅಥವಾ ತಿಳಿ ನೆಲದ ಮೇಲೆ ಗಾಢ ಅಕ್ಷರ ಇರಲಿ. ಕೆಂಪಿನ ಮೇಲೆ ನೀಲಿ ಹಾಕಿಸಿದರೆ ಕಣ್ಣಿನ ಮುಂದೆ ಅಕ್ಷರ ಕುಣಿಯುತ್ತದೆ.

ಬೋರ್ಡಿನ ಆಯುಷ್ಯ ಇರುವುದು ಹಿಂದೆ, ಯಾರಿಗೂ ಕಾಣದ ಕಬ್ಬಿಣದ ಫ್ರೇಮಿನಲ್ಲಿ. ಬೆಸುಗೆ ಹಾಕಿದ ಜಾಗಗಳಿಗೆ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಳಿಯದೆ ಫ್ರೇಮನ್ನು ಹಾಗೆಯೇ ಏರಿಸಿಬಿಡುವುದು ಇಲ್ಲಿ ಮಾಮೂಲು. ಮುಂದಿನ ಮಳೆಗಾಲದಲ್ಲಿ ಬಿಳಿ ಶೀಟಿನ ಮೇಲೆ ಕಂದು ಗೆರೆ ಇಳಿಯುತ್ತದೆ. ಸಾಧ್ಯವಾದರೆ ಸತುವಿನ ಲೇಪವಿರುವ ಜಿಐ ಪೈಪ್ ಹಾಕಿಸಿ. ಇಲ್ಲವಾದರೆ ಶೀಟು ಹೊದಿಸುವ ಮುನ್ನ ಫ್ರೇಮಿಗೆ ಬಣ್ಣ ಬಳಿದದ್ದನ್ನು ಹೋಗಿ ನೋಡಿ. ಸ್ಕ್ರೂಗಳು ಸ್ಟೀಲಿನವೇ ಆಗಲಿ. ಸ್ಟೀಲ್ ಅಕ್ಷರ ಮಾಡಿಸುವವರು 304 ದರ್ಜೆ ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಅಗ್ಗದ 202 ಕಡಲ ಗಾಳಿಗೆ ಚಹಾದ ಕಲೆ ಬಿದ್ದಂತೆ ಕಂದುಗಟ್ಟುತ್ತದೆ.

ಎಸಿಪಿ ಶೀಟಿನ ಮೇಲೆ ಕಂಪನಿಯ ಹೆಸರು ಅಚ್ಚಾದ ತೆಳುವಾದ ರಕ್ಷಣಾ ಹಾಳೆ ಇರುತ್ತದೆ. ಬೋರ್ಡ್ ಏರಿಸಿದ ದಿನವೇ ಅದನ್ನು ಕೀಳಿಸಿ. ಗೀರು ಬೀಳುತ್ತದೆಂದು ಬಿಟ್ಟರೆ ಬಿಸಿಲಿಗೆ ಅದು ಶೀಟಿಗೇ ಬೆಸೆದುಕೊಂಡು, ಆಮೇಲೆ ಚೂರುಚೂರಾಗಿ ಕಿತ್ತುಬರುತ್ತದೆ.

ದೀಪ

ಸಂಜೆ ಏಳರ ನಂತರವೂ ವ್ಯಾಪಾರವಿದ್ದರೆ ದೀಪ ಬೇಕೇ ಬೇಕು. ಅಕ್ಷರದೊಳಗೆ 12 ವೋಲ್ಟಿನ ಎಲ್‌ಇಡಿ ಮಾಡ್ಯೂಲ್‌ಗಳನ್ನು ಇಡುತ್ತಾರೆ. ಅಕ್ಷರದ ಆಳ ಕಡಿಮೆಯಾದರೆ ಅಥವಾ ಮಾಡ್ಯೂಲ್‌ಗಳನ್ನು ದೂರ ದೂರ ಅಂಟಿಸಿದರೆ ಬೆಳಕು ಚುಕ್ಕೆ ಚುಕ್ಕೆಯಾಗಿ ಕಾಣುತ್ತದೆ. ಹಾಗಾಗಿ ವರ್ಕ್‌ಶಾಪಿನಲ್ಲೇ ದೀಪ ಹಚ್ಚಿಸಿ ನೋಡದೆ ಏರಿಸಲು ಬಿಡಬೇಡಿ. ಬೆಳಕು ಹೆಚ್ಚಿದ್ದಷ್ಟೂ ಒಳ್ಳೆಯದು ಎಂಬುದೂ ತಪ್ಪು. ಪ್ರಖರವಾದ ಬಿಳಿ ಅಕ್ಷರದ ಅಂಚು ರಾತ್ರಿ ಹರಡಿಕೊಂಡು, ಹಗಲು ಓದಲು ಬಂದದ್ದೂ ಓದಲಾಗುವುದಿಲ್ಲ.

ಕೈಕೊಡುವುದು ಹೆಚ್ಚಾಗಿ ಎಲ್‌ಇಡಿ ಅಲ್ಲ, ಅದಕ್ಕೆ ವಿದ್ಯುತ್ ಕೊಡುವ ಎಸ್‌ಎಂಪಿಎಸ್ ಎಂಬ ಡಬ್ಬಿ. ಅದನ್ನು ಬೋರ್ಡಿನ ಹಿಂದೆ ಸಿಕ್ಕಿಸುವ ಬದಲು ಅಂಗಡಿಯ ಒಳಗೆ, ಕೈಗೆ ಎಟಕುವಲ್ಲಿ ಇಡಿಸಿ. ಹೊರಗೇ ಇಡಬೇಕಾದರೆ ಮಳೆ ತಡೆಯುವ, ಐಪಿ 67 ಗುರುತಿನದ್ದೇ ಆಗಿರಲಿ. ಬೋರ್ಡಿಗೆ ಬೇರೆಯೇ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್), ಸರಿಯಾದ ಅರ್ಥಿಂಗ್ ಇರಲಿ. ಮಳೆಯಲ್ಲಿ ನೆನೆದ ಲೋಹದ ಫ್ರೇಮಿಗೆ ಕರೆಂಟ್ ಹರಿದರೆ ಶಟರ್ ಎಳೆಯುವ ಹುಡುಗನ ಜೀವಕ್ಕೆ ಅಪಾಯ. ಇಲ್ಲಿ ಉಳಿಸುವ ನೂರಿನ್ನೂರು ರೂಪಾಯಿ ಬೇಡ. ಮುಚ್ಚಿದ ಬಾಕ್ಸ್ ಆದರೆ ತಳದಲ್ಲಿ ಸಣ್ಣ ತೂತುಗಳಿರಲಿ. ನೀರು ಒಳಗೆ ಹೋಗುವುದನ್ನು ಪೂರ್ತಿ ತಡೆಯಲಾಗದು, ಹೊರಗೆ ಹೋಗಲು ದಾರಿ ಇರಬೇಕು.

ಪುಕ್ಕಟೆ ಬೋರ್ಡ್

ತಂಪು ಪಾನೀಯದವರೋ ಮೊಬೈಲ್ ಕಂಪನಿಯವರೋ ಬಂದು, ನಿಮ್ಮ ಹೆಸರು ಹಾಕಿ ಬೋರ್ಡನ್ನು ನಾವೇ ಮಾಡಿಸಿಕೊಡುತ್ತೇವೆ ಎನ್ನುತ್ತಾರೆ. ಮುಕ್ಕಾಲು ಭಾಗ ಅವರ ಬಣ್ಣ, ಅವರ ಬಾಟಲಿ. ನಿಮ್ಮ ಹೆಸರು ಮೂಲೆಯಲ್ಲಿ. ಬೀದಿಯ ನಾಲ್ಕು ಅಂಗಡಿಗೆ ಅದೇ ಬೋರ್ಡ್ ಇರುವಾಗ ನಿಮ್ಮದು ಯಾವುದೆಂದು ಯಾರಿಗೂ ತಿಳಿಯುವುದಿಲ್ಲ. ಬೇರೆಯವರ ಸರಕಿನ ಹೆಸರು ಬಂದಾಗ ನಾಮಫಲಕ ಜಾಹೀರಾತಾಗುತ್ತದೆ, ಪಾಲಿಕೆ ಶುಲ್ಕ ಕೇಳಿದರೆ ಉತ್ತರ ಕೊಡಬೇಕಾದವರು ನೀವು. ಪಾನ್ ಗೂಡಂಗಡಿಗಾದರೆ ಸರಿ. ಹೆಸರು ಕಟ್ಟಬೇಕೆಂದಿರುವ ಹೋಟೆಲಿಗೆ ಬೇಡ.

ಕೊಟೇಶನ್, ಏರಿಸುವುದು, ಹಣ

ಈಗ ಬೋರ್ಡಿನವನ ಬಳಿಗೆ ಹೋಗಬಹುದು. ಫ್ಲೆಕ್ಸ್ ಮತ್ತು ಎಸಿಪಿಗೆ ಚದರ ಅಡಿಯ ಲೆಕ್ಕ, ಅಕ್ಷರಗಳಿಗೆ ಹೆಚ್ಚಾಗಿ ಎತ್ತರದ ಇಂಚಿನ ಲೆಕ್ಕ. ಮೂವರಲ್ಲಿ ವಿಚಾರಿಸಿ, ಆದರೆ ಮೂವರಿಗೂ ಒಂದೇ ಕಾಗದ ಕೊಡಿ: ಅಳತೆ, ಶೀಟಿನ ದಪ್ಪ, ಅಕ್ಷರದ ಎತ್ತರ ಮತ್ತು ಆಳ, ಫ್ರೇಮಿನ ಪೈಪು, ಮಾಡ್ಯೂಲಿನ ಕಂಪನಿ, ಎಸ್‌ಎಂಪಿಎಸ್, ಏರಿಸುವ ಕೂಲಿ, ಏರಿ ನಿಲ್ಲಲು ಅಟ್ಟಣಿಗೆ ಕಟ್ಟುವ ಖರ್ಚು. ‘ಎಲ್ಲ ಸೇರಿ ಇಷ್ಟು, ಅಣ್ಣಾ’ ಎಂದವನ ದರ ಯಾವಾಗಲೂ ಕಡಿಮೆ ಇರುತ್ತದೆ. ಅದರಲ್ಲಿ ಏನು ಸೇರಿಲ್ಲ ಎಂಬುದು ಮಳೆಗಾಲದಲ್ಲಿ ಗೊತ್ತಾಗುತ್ತದೆ.

ಗಾಳಾ ಬಾಡಿಗೆಯದ್ದಾದರೆ, ಬಿಚ್ಚಿ ಒಯ್ಯಲು ಬರುವಂತೆ ಶೀಟನ್ನು ಎರಡು ಮೂರು ತುಂಡುಗಳಲ್ಲಿ ಮಾಡಿಸಿ. ಕರಾರು ಮುಗಿದಾಗ ಅಕ್ಷರಗಳಾದರೂ ನಿಮ್ಮ ಜೊತೆ ಬರಲಿ.

2024ರ ಮೇ 13ರ ಗಾಳಿಗೆ ಘಾಟ್‌ಕೋಪರ್‌ನಲ್ಲಿ ಬಿದ್ದ ಹೋರ್ಡಿಂಗ್ 17 ಜನರ ಪ್ರಾಣ ತೆಗೆಯಿತು. ಅದರ ಮುಂದೆ ನಿಮ್ಮ 30 ಚದರ ಅಡಿಯ ಫಲಕ ಏನೂ ಅಲ್ಲ, ಆದರೆ ಕೆಳಗೆ ನಿಲ್ಲುವ ಜನ ಅವರೇ. ಗಾರೆಯ ಪದರಕ್ಕೆ ಮೊಳೆ ಹೊಡೆದು ನಿಲ್ಲಿಸಲು ಬಿಡಬೇಡಿ. ಬೀಮಿಗೆ ಅಥವಾ ಗಟ್ಟಿ ಗೋಡೆಗೆ ಆ್ಯಂಕರ್ ಬೋಲ್ಟ್ ಹಾಕಿಸಿ. ಪ್ರತಿ ಮೇ ತಿಂಗಳ ಕೊನೆಗೆ ಒಬ್ಬ ಹುಡುಗನನ್ನು ಏಣಿ ಹತ್ತಿಸಿ ಬೋಲ್ಟುಗಳನ್ನು ಬಿಗಿ ಮಾಡಿಸಿ, ಫ್ರೇಮಿನ ತುಕ್ಕು ನೋಡಿಸಿ.

ಮುಂಗಡ ಅರ್ಧ ಕೊಟ್ಟರೆ ಸಾಕು. ಉಳಿದದ್ದರಲ್ಲಿ ಒಂದು ಪಾಲನ್ನು ಮೊದಲ ಜೋರು ಮಳೆ ಕಳೆಯುವವರೆಗೆ ಹಿಡಿದಿಡುವುದಾಗಿ ಆರಂಭದಲ್ಲೇ ಹೇಳಿಬಿಡಿ. ಒಪ್ಪದವನು ತನ್ನ ಕೆಲಸವನ್ನು ತಾನೇ ನಂಬಿಲ್ಲ ಎಂದು ತಿಳಿಯಿರಿ. ಬೋರ್ಡ್ ಏರಿದ ಮರುದಿನ ಹಗಲಿನಲ್ಲೊಂದು, ದೀಪ ಹತ್ತಿದ ಮೇಲೊಂದು ಫೋಟೊ ತೆಗೆದು ಗೂಗಲ್ ಮ್ಯಾಪ್‌ನಲ್ಲಿ ನಿಮ್ಮ ಅಂಗಡಿಯ ಜಾಗಕ್ಕೆ ಏರಿಸಿ; ಹುಡುಕಿಕೊಂಡು ಬರುವವರು ಬೀದಿಯಲ್ಲಿ ಆ ಫೋಟೊ ಹಿಡಿದೇ ಕಣ್ಣಾಡಿಸುತ್ತಾರೆ.